ಬಾಗಿಲ ಕಡೆಯ ಎರಡು ಸಾಲು

ಗಾಜಿನಕ್ಕ ಆಟದಲ್ಲಿ ಗೆಲ್ಲತೊಡಗಿದ್ದು ತನ್ನ ಐವತ್ತೆರಡನೇ ವಯಸ್ಸಿನಲ್ಲಿ. ಆ ಗೆಲುವು ಒಳ್ಳೆಯದಕ್ಕೆ ಬಂದದ್ದಲ್ಲ ಎಂದು ತಿಳಿಯಲು ಅವಳಿಗೆ ಎರಡು ತಿಂಗಳು ಹಿಡಿಯಿತು.

ಅವಳಿಗೆ ಆ ಹೆಸರು ಬಂದದ್ದು ಕೆಲಸದಿಂದ. ಪೇಟೆಯ ಕನ್ನಡಕದ ಅಂಗಡಿಯಲ್ಲಿ ಮುಂದುಗಡೆ ಕಣ್ಣು ಪರೀಕ್ಷೆ ಮಾಡುವ ಡಾಕ್ಟರು ಕೂರುತ್ತಿದ್ದರು, ಪರದೆಯ ಹಿಂದೆ ಇವಳು. ದುಂಡಗೆ ಬರುವ ಗಾಜನ್ನು ಚೌಕಟ್ಟಿನ ಅಳತೆಗೆ ಸಾಣೆ ಹಿಡಿದು, ಅಂಚು ತೀಡಿ, ಕೂರಿಸಿ ಕೊಡಬೇಕು. ಈಗ ಬರುವುದೆಲ್ಲ ಪ್ಲಾಸ್ಟಿಕ್ಕೇ ಆದರೂ ಅವಳ ಬಾಯಲ್ಲಿ ಅದು ಗಾಜೇ. ಬೆಳಿಗ್ಗೆ ಮೊದಲ ಗಾಜನ್ನು ಕೈಗೆತ್ತಿಕೊಳ್ಳುವಾಗ ಒಂದು ಕ್ಷಣ ಕಣ್ಣು ಮುಚ್ಚಿ, ಇದನ್ನು ಹಾಕಿಕೊಳ್ಳುವವರಿಗೆ ಒಳ್ಳೆಯದೇ ಕಾಣಲಿ ಎಂದು ದೇವರಲ್ಲಿ ಕೇಳಿಕೊಳ್ಳುತ್ತಿದ್ದಳು. ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ಅದು ತಪ್ಪಿರಲಿಲ್ಲ. ಹೀಗೆ ಕೇಳಿಕೊಳ್ಳುವುದು ಡಾಕ್ಟರಿಗೂ ಗೊತ್ತಿರಲಿಲ್ಲ.

ಇನ್ನೊಂದು ತಪ್ಪದ ಸಂಗತಿ, ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷಕ್ಕೆ ಬರುತ್ತಿದ್ದ ಗಿಣಿಯ ಆಟ.

ಗಿಣಿ ಅವಳ ಹಳೆಯ ಗೆಳತಿ. ಮೂಗು ಸ್ವಲ್ಪ ಬಾಗಿತ್ತು, ಬಾಯಿ ಒಂದು ಗಳಿಗೆ ಸುಮ್ಮನಿರುತ್ತಿರಲಿಲ್ಲ, ಆದ್ದರಿಂದ ಗಿಣಿ. ಇಬ್ಬರೂ ಹದಿನೆಂಟನೇ ವಯಸ್ಸಿಗೆ ಕನ್ನಡಕದ ಚೌಕಟ್ಟು ಮಾಡುವ ಕಾರ್ಖಾನೆಯೊಂದರಲ್ಲಿ ಅಕ್ಕಪಕ್ಕ ಕೂತು ತಿರುಪು ಹಾಕಿದವರು. ಊಟದ ಬಿಡುವಿನಲ್ಲಿ ಅಲ್ಲಿ ಇಸ್ಪೀಟು ನಡೆಯುತ್ತಿತ್ತು. ಇವರಿಬ್ಬರೂ ಆಡುತ್ತಿದ್ದದ್ದು ಒಬ್ಬರೇ ಕೂತು ಆಡುವ ಆಟ: ಏಳು ಸಾಲು ಎಲೆ ಹರಡಿ, ಕೆಂಪಿನ ಮೇಲೆ ಕಪ್ಪು, ಕಪ್ಪಿನ ಮೇಲೆ ಕೆಂಪು ಇಳಿಸುತ್ತ, ಎಕ್ಕದಿಂದ ರಾಜನವರೆಗೆ ನಾಲ್ಕು ಗುಂಪು ಕಟ್ಟಬೇಕು. ಒಬ್ಬರಾಡುವ ಆಟವನ್ನು ಇಬ್ಬರು ಪೈಪೋಟಿಗೆ ಆಡುವುದು ಗಿಣಿ ಹೂಡಿದ ಉಪಾಯ. ಎರಡು ಕಟ್ಟುಗಳನ್ನೂ ಒಂದೇ ಕ್ರಮದಲ್ಲಿ ಜೋಡಿಸಿಕೊಂಡು, ಎದುರುಬದುರು ಕೂತು, ಯಾರು ಮೊದಲು ಮುಗಿಸುತ್ತಾರೋ ನೋಡುವುದು.

ಆ ಕೋಣೆಯಲ್ಲಿದ್ದದ್ದು ಒಂದೇ ಮೇಜು, ಅದೂ ಬಾಗಿಲಿಗೆ ಒತ್ತಿಕೊಂಡು. ಮೇಸ್ತ್ರಿ ಬಾಗಿಲು ನೂಕಿದರೆ ಆ ಕಡೆ ಕೂತವರ ಎಡಗಡೆಯ ಎರಡು ಸಾಲು ಎಲೆ ಚೆಲ್ಲಾಪಿಲ್ಲಿ. ಹಾಗಾಗಿ ಸತತ ಹತ್ತು ಆಟ ಗೆದ್ದವರು ಬಾಗಿಲ ಕಡೆ ಕೂರಬೇಕು ಎಂದು ಗೊತ್ತುಮಾಡಿಕೊಂಡಿದ್ದರು. ಎಡಗಡೆಯ ಎರಡು ಸಾಲು ಇದ್ದೂ ಇಲ್ಲದ ಹಾಗೆ ಆಡುವುದು, ಗೆದ್ದು ಗೆದ್ದು ಕೊಬ್ಬಿದವರಿಗೆ ಶಿಕ್ಷೆ.

ಮುಂದೆ ಕಾರ್ಖಾನೆ ಮುಚ್ಚಿತು. ಗಿಣಿ ಮದುವೆಯಾಗಿ ಎರಡು ಗಂಟೆ ದಾರಿಯ ಇನ್ನೊಂದು ಊರಿಗೆ ಹೋದಳು, ಗಂಡನಿಂದ ಗಾಡಿ ಓಡಿಸುವುದನ್ನು ಕಲಿತಳು, ಗಂಡ ಬಿಟ್ಟು ಹೋದ ಮೇಲೆ ಅದನ್ನೇ ಕಸುಬು ಮಾಡಿಕೊಂಡಳು. ಹದಿನಾಲ್ಕು ವರ್ಷದಿಂದ ಒಂದು ಶಾಲೆಯ ವ್ಯಾನು ಅವಳ ಕೈಯಲ್ಲಿತ್ತು. ತಂಗಿಯೊಬ್ಬಳು ಜೊತೆಗಿದ್ದಳು. ಫೋನಿನಲ್ಲಿ ಅದೇ ಎಲೆಯಾಟ ಬಂದಾಗ ಮೊದಲು ಕಂಡುಹಿಡಿದವಳೂ ಗಿಣಿಯೇ. ಇಬ್ಬರಿಗೂ ಒಂದೇ ಹಂಚಿಕೆಯ ಎಲೆ ಬೀಳುತ್ತದೆ, ಯಾರು ಎಷ್ಟು ಬೇಗ ಮುಗಿಸಿದರು ಎಂದು ತೋರಿಸುತ್ತದೆ, ಬೇಕಿದ್ದರೆ ಎದುರಿನವರು ಒಂದೊಂದು ಎಲೆ ಹೇಗೆ ನಡೆಸಿದರು ಎಂಬುದನ್ನು ಮೊದಲಿಂದ ಕೊನೆಯವರೆಗೆ ನೋಡಬಹುದು. ಪುಟ್ಟ ಮಕ್ಕಳನ್ನು ಹನ್ನೆರಡೂವರೆಯ ಸರದಿಯಲ್ಲಿ ಮನೆಗೆ ಬಿಟ್ಟು, ವ್ಯಾನನ್ನು ಗೋಡೆಯ ನೆರಳಿಗೆ ನಿಲ್ಲಿಸಿ, ತಾನು ಆಡಿ ಮುಗಿಸಿ, ಒಂದು ಹತ್ತಕ್ಕೆ ಗಿಣಿ ಆಟ ಕಳಿಸುವಳು. ಗಾಜಿನಕ್ಕ ಡಬ್ಬಿಯ ಊಟ ಪಕ್ಕಕ್ಕಿಟ್ಟು ಕೂರುವಳು. ಹೆಚ್ಚುಕಡಿಮೆ ದಿನವೂ ಗಿಣಿಯೇ ಗೆಲ್ಲುವಳು. ಆಮೇಲೆ ಫೋನು.

"ಏನೇ ಆಮೆ, ಎಲೆ ಎಣಿಸ್ತಾ ಇದ್ಯಾ, ಇಲ್ಲಾ ಮೊಟ್ಟೆಗೆ ಕಾವು ಕೊಡ್ತಾ ಇದ್ಯಾ?"

"ಮೆತ್ತಗೆ ಮಾತಾಡೇ, ಅಂಗಡೀಲಿ ಜನ ಇದಾರೆ."

"ಇರ್ಲಿ ಬಿಡು, ಕನ್ನಡಕದ ಅಂಗಡಿ ತಾನೆ. ಕಿವಿ ಅಂಗಡಿ ಅಲ್ವಲ್ಲ!"

ಮನೆಯಲ್ಲಿದ್ದ ಅತ್ತೆಗೆ ಈ ಆಟ ಕಂಡರಾಗದು. "ಎಲೆ ಹಿಡಿದ ಕೈಯಲ್ಲೇ ದೇವರ ದೀಪ ಹಚ್ತೀಯಲ್ಲಮ್ಮಾ," ಎನ್ನುವರು. "ಕೈ ತೊಳ್ಕೊಂಡಿದೀನಿ ಅತ್ತೆ," ಎಂದು ಇವಳು. ಅಷ್ಟರಲ್ಲೇ ಮುಗಿಯುತ್ತಿತ್ತು. ಹಿಂದಿನ ವರ್ಷ ಗಾಜಿನಕ್ಕನ ಗಂಡ ತೀರಿಕೊಂಡಾಗ, ಹದಿಮೂರು ದಿನ ಬಿಟ್ಟು ಹದಿನಾಲ್ಕನೆಯ ದಿನ ಒಂದು ಹತ್ತಕ್ಕೆ ಸರಿಯಾಗಿ ಆಟ ಬಂದಿತ್ತು. ಜೊತೆಗೆ ಒಂದು ಮಾತೂ ಇರಲಿಲ್ಲ, ಬರೀ ಆಟ. ಅದನ್ನು ಫೋನಿನಲ್ಲಿ ಕಂಡ ಅತ್ತೆಯೇ, "ಆಡಮ್ಮಾ, ಆಡು," ಎಂದಿದ್ದರು.

ಹೀಗಿರುವಾಗ ಗಾಜಿನಕ್ಕ ಗೆಲ್ಲತೊಡಗಿದಳು.

ಮೊದಲು ವಾರಕ್ಕೊಂದು, ಆಮೇಲೆ ಎರಡು ದಿನಕ್ಕೊಂದು, ಆಮೇಲೆ ದಿನವೂ. ಅವಳು ಖುಷಿಪಟ್ಟಳು, ಅಣಕಿಸಿದಳು, ಡಾಕ್ಟರಿಗೂ ಹೇಳಿಕೊಂಡಳು. ಗಿಣಿ ನಗುತ್ತಿದ್ದಳು. "ನಂಗೆ ವಯಸ್ಸಾಯ್ತು ಬಿಡು. ಈಗೀಗ ತಲೆನೋವೂ ಒಂದು. ಈ ಊರಲ್ಲಿ ಜನಾನೂ ಹಾಳಾದ್ರು ಕಣೇ, ಎಡಗಡೆಯಿಂದ ಧುತ್ತಂತ ಬರ್ತಾರೆ, ಭೂತ ಬಂದ ಹಾಗೆ. ವ್ಯಾನಿನ ಎಡಗನ್ನಡಿ ಎರಡನೇ ಸಲ ಹೋಯ್ತು. ಶಾಲೆಯೋರು ಗೇಟನ್ನೇ ಚಿಕ್ಕದು ಮಾಡಿದಾರೋ ಏನೋ!"

"ನೀನು ದಪ್ಪ ಆಗಿದೀಯ, ಅದಕ್ಕೆ ವ್ಯಾನೂ ದಪ್ಪ ಆಗಿದೆ," ಎಂದು ಗಾಜಿನಕ್ಕ ನಕ್ಕುಬಿಟ್ಟಳು. ಆ ನಗುವನ್ನು ನೆನೆದು ಅವಳು ಮುಂದೆ ಎಷ್ಟೋ ಸಲ ಕೆನ್ನೆ ಬಡಿದುಕೊಂಡದ್ದುಂಟು.

ಹನ್ನೊಂದನೆಯ ಸಲ ಸಾಲಾಗಿ ಗೆದ್ದ ದಿನ ಅವಳಿಗೆ ಅನುಮಾನ ಬಂತು. ಗಿಣಿ ಆಡಿದ್ದನ್ನು ತೆರೆದು ನೋಡಿದಳು. ಎಡಗಡೆಯ ಮೊದಲನೇ ಸಾಲಿನಲ್ಲಿ ಕಳಾವರ್ ಎಕ್ಕ ಮುಖ ತೋರಿಸಿಕೊಂಡು ಕೂತಿತ್ತು. ಕೈಯಿಟ್ಟರೆ ಸಾಕು, ಮೇಲೆ ಹೋಗಿ ಕೂರುವ ಎಲೆ. ಗಿಣಿ ಅದನ್ನು ಮುಟ್ಟಲೇ ಇಲ್ಲ. ಎರಡನೇ ಸಾಲನ್ನೂ ಮುಟ್ಟಲಿಲ್ಲ. ಬಲಗಡೆಯ ಐದು ಸಾಲುಗಳಲ್ಲೇ ಎಲೆ ಎತ್ತಿ ಇಳಿಸಿ, ಕಟ್ಟನ್ನು ಮತ್ತೆ ಮತ್ತೆ ತಿರುವಿ, ಕೊನೆಗೆ ಸೋತೆನೆಂದು ಬಿಟ್ಟುಕೊಟ್ಟಿದ್ದಳು. ಹಿಂದಿನ ದಿನದ ಆಟ ನೋಡಿದಳು, ಅದರ ಹಿಂದಿನದನ್ನೂ ನೋಡಿದಳು. ಎಲ್ಲದರಲ್ಲೂ ಎಡಗಡೆಯ ಎರಡು ಸಾಲು ಹಾಕಿದ್ದು ಹಾಕಿದ ಹಾಗೆಯೇ.

ಬೇರೆ ಯಾರೇ ಆಗಿದ್ದರೂ, ಇದೇಕೆ ಹೀಗೆ ಎಂದು ಕೇಳುತ್ತಿದ್ದರು. ಗಾಜಿನಕ್ಕ ಕೇಳಲಿಲ್ಲ, ಏಕೆಂದರೆ ಅವಳಿಗೆ ಉತ್ತರ ಗೊತ್ತಿತ್ತು. ಮೂವತ್ತನಾಲ್ಕು ವರ್ಷದಿಂದ ಗೊತ್ತಿತ್ತು. ಗಿಣಿ ಬಾಗಿಲ ಕಡೆ ಕೂತು ಆಡುತ್ತಿದ್ದಾಳೆ. ಯಾರೂ ಹೇಳದೆ, ಯಾರಿಗೂ ಹೇಳದೆ, ತಾನಾಗಿ ಕೂತಿದ್ದಾಳೆ. ಗಂಡ ಸತ್ತ ಗೆಳತಿಗೆ ಒಂದಿಷ್ಟು ಗೆಲುವನ್ನು ಭಿಕ್ಷೆ ಹಾಕುತ್ತಿದ್ದಾಳೆ.

ಅವಳ ಕಿವಿ ಬಿಸಿಯಾಯಿತು. ಫೋನು ಮಾಡಿದಳು.

"ಬಾಗಿಲ ಕಡೆ ಕೂತ್ಕೋ ಅಂತ ನಿಂಗೆ ಹೇಳಿದ್ಯಾರು?"

"ಯಾವ ಬಾಗಿಲು?"

"ನಾಟಕ ಬೇಡ ಗಿಣಿ. ಎಡಗಡೆ ಎರಡು ಸಾಲು ಮುಟ್ತಾನೇ ಇಲ್ಲ ನೀನು. ನಾನು ನೋಡ್ದೆ."

"ಮುಟ್ಟಿದೀನಪ್ಪ. ಇರೋ ಎಲೆ ಎಲ್ಲಾ ಆಡಿದೀನಿ."

"ಕಳಾವರ್ ಎಕ್ಕ ಕಣ್ಣೆದುರಿಗೇ ಇತ್ತು!"

"ಇರ್ಲಿಲ್ಲ ಕಣೇ."

"ಇತ್ತು. ನಂಗೆ ಕನಿಕರ ತೋರಿಸ್ಬೇಡ ನೀನು. ಸೋತ್ರೆ ಸೋಲ್ತೀನಿ. ನಿನ್ನ ಎಂಜಲು ಗೆಲುವು ನಂಗೆ ಬೇಡ."

"ನಾನು... ಅಲ್ಲಿ..." ಎಂದಳು ಗಿಣಿ. ಗಿಣಿ ಮಾತಿಗೆ ತಡವರಿಸಿದ್ದನ್ನು ಗಾಜಿನಕ್ಕ ಎಂದೂ ಕೇಳಿರಲಿಲ್ಲ. ಆಮೇಲೆ ಗಿಣಿಯೂ ಸಿಡಿದಳು. "ನಾನು ಗೆದ್ರೆ ಅಳ್ತೀಯ, ಸೋತ್ರೆ ಜಗಳ ಆಡ್ತೀಯ. ನಾನು ಸುಳ್ಳಿ ಅಂತಾನಾ? ಇನ್ನು ನಂಗೆ ಫೋನ್ ಮಾಡ್ಬೇಡ."

ಹತ್ತೊಂಬತ್ತು ದಿನ ಇಬ್ಬರೂ ಮಾತಾಡಲಿಲ್ಲ. ಆದರೆ ಒಂದು ಹತ್ತಕ್ಕೆ ಆಟ ಮಾತ್ರ ಬರುತ್ತಲೇ ಇತ್ತು. ಗಿಣಿ ಕಳಿಸುವಳು, ಇವಳು ಆಡುವಳು, ಗೆಲ್ಲುವಳು. ಗೆದ್ದ ಮೇಲೆ ಫೋನನ್ನು ಮಗುಚಿ ಇಡುವಳು.

ಇಪ್ಪತ್ತನೆಯ ದಿನ, ಹನ್ನೊಂದು ಗಂಟೆಯ ಹೊತ್ತಿಗೆ, ಒಬ್ಬಳು ಸೊಸೆ ತನ್ನ ಮಾವನನ್ನು ಕರೆದುಕೊಂಡು ಅಂಗಡಿಗೆ ಬಂದಳು. ಗಾಜಿನಕ್ಕ ಪರದೆಯ ಹಿಂದೆ ಸಾಣೆ ಹಿಡಿಯುತ್ತಿದ್ದಳು. ಡಾಕ್ಟರು ಗೋಡೆಯ ಹಲಗೆ ತೋರಿಸಿ ಓದಿಸುತ್ತಿದ್ದದ್ದು ಕಿವಿಗೆ ಬೀಳುತ್ತಿತ್ತು. ಮುದುಕರು ಪ್ರತಿ ಸಾಲಿನಲ್ಲೂ ಕೊನೆಯ ಎರಡು ಅಕ್ಷರ ಮಾತ್ರ ಓದುತ್ತಿದ್ದರು.

"ಪೂರ್ತಿ ಓದಿ ತಾತ."

"ಪೂರ್ತಿ ಓದಿದ್ನಲ್ಲಪ್ಪ."

"ಮಾವ ಹಟ ಮಾಡ್ತಾರೆ ಡಾಕ್ಟ್ರೇ," ಎಂದಳು ಸೊಸೆ. "ತಟ್ಟೇಲೂ ಅರ್ಧ ಊಟ ಹಾಗೇ ಬಿಡ್ತಾರೆ. ನಾನು ಮಾಡಿದ್ದು ರುಚಿಯಿಲ್ಲ ಅಂತ ತೋರಿಸೋಕೆ."

"ಯಾವ ಕಡೆ ಅರ್ಧ ಬಿಡ್ತಾರೆ?"

ಸೊಸೆ ಯೋಚಿಸಿದಳು. "ಎಡಗಡೆ," ಎಂದಳು.

ಕುರ್ಚಿ ಸರಿದ ಸದ್ದಾಯಿತು. ಡಾಕ್ಟರು ಎದ್ದು ಮುದುಕರ ಎದುರು ನಿಂತಿರಬೇಕು. "ನನ್ನ ಮೂಗನ್ನೇ ನೋಡ್ತಿರಿ. ಬೆರಳು ಆಡಿಸ್ತೀನಿ, ಕಂಡ ಕೂಡ್ಲೇ ಹೇಳಿ... ಈಗ? ಈಗ? ಈಗ?"

"ಇನ್ನೂ ಆಡಿಸೇ ಇಲ್ವಲ್ಲ ನೀವು," ಎಂದರು ಮುದುಕರು.

ಡಾಕ್ಟರ ದನಿ ತಗ್ಗಿತು. "ಇದಕ್ಕೆ ಕನ್ನಡಕ ಇಲ್ಲಮ್ಮ. ಕಣ್ಣು ಸರಿಯಾಗೇ ಇದೆ. ತಲೆಯೊಳಗೆ ಏನೋ ಆಗಿದೆ, ರಕ್ತ ನಿಂತಿರ್ಬಹುದು, ಗಂಟು ಇರ್ಬಹುದು. ಇವತ್ತೇ ದೊಡ್ಡಾಸ್ಪತ್ರೆಗೆ ಕರ್ಕೊಂಡ್ಹೋಗಿ, ನಾಳೆ ಅನ್ಬೇಡಿ. ಹಟ ಅಲ್ಲಮ್ಮ ಇದು. ಅವರಿಗೆ ಅಲ್ಲಿ ಕತ್ತಲೆ ಕೂಡ ಕಾಣಲ್ಲ. ಆ ಕಡೆ ಅನ್ನೋದೇ ಅವರ ಪಾಲಿಗಿಲ್ಲ. ಇಲ್ಲ ಅಂತ ಅವರಿಗೆ ಗೊತ್ತೂ ಆಗಲ್ಲ."

ಸಾಣೆಯ ಸದ್ದು ಬದಲಾಯಿತು. ಗಾಜಿನಕ್ಕ ಕೆಳಗೆ ನೋಡಿದಾಗ ಕೈಯಲ್ಲಿದ್ದ ಗಾಜು ಅರ್ಧ ಸವೆದುಹೋಗಿತ್ತು. ಇಪ್ಪತ್ತೆರಡು ವರ್ಷದಲ್ಲಿ ಅವಳು ಹಾಳು ಮಾಡಿದ ಎರಡನೇ ಗಾಜು ಅದು. ಮೊದಲನೆಯದು ಗಂಡ ತೀರಿಕೊಂಡ ಸುದ್ದಿ ಬಂದಾಗಿನದು.

ಇರ್ಲಿಲ್ಲ ಕಣೇ, ಎಂದಿದ್ದಳು ಗಿಣಿ. ಎಡಗನ್ನಡಿ, ಧುತ್ತಂತ ಬರುವ ಜನ, ಚಿಕ್ಕದಾದ ಗೇಟು. ಒಂದೊಂದೂ ತನ್ನ ಜಾಗಕ್ಕೆ ಬಂದು ಕೂತಿತು. ಅದರ ಹಿಂದೆಯೇ ಇನ್ನೊಂದು ನೆನಪು ಬಂತು. ಮಕ್ಕಳು ವ್ಯಾನು ಹತ್ತಿ ಇಳಿಯುವ ಬಾಗಿಲು ಎಡಗಡೆಗಿದೆ.

ಗಿಣಿಗೆ ಫೋನು ಮಾಡಿದಳು. ಗಂಟೆ ಹೊಡೆಯಿತು, ಎತ್ತಲಿಲ್ಲ. ಮತ್ತೆ ಮಾಡಿದಳು. ಮೂರನೆಯ ಸಲಕ್ಕೆ ಗಿಣಿ ಕರೆ ಕತ್ತರಿಸಿದಳು. ತಂಗಿಗೆ ಮಾಡಿದಳು. ತಂಗಿ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸದಲ್ಲಿದ್ದಳು.

"ಆಟದಲ್ಲಿ ಸೋತಿದ್ದಕ್ಕೆ ಆಸ್ಪತ್ರೆಗೆ ಸೇರಿಸ್ತಾರಾ ಅಕ್ಕ?" ಎಂದು ತಂಗಿ ನಕ್ಕಳು. ನಗು ಅರ್ಧಕ್ಕೆ ನಿಂತಿತು. "ಆದ್ರೆ... ಮೊನ್ನೆ ಎಡಗಾಲಿಗೆ ಚಪ್ಪಲಿ ಇಲ್ದೇನೇ ಹೊರಟುಬಿಟ್ಟಿದ್ಲು. ನಾನು ಬೀದಿ ಕೊನೆ ತನಕ ಓಡಿ ಹೋಗಿ ಕೊಟ್ಟೆ. ಇಬ್ರೂ ಬಿದ್ದು ಬಿದ್ದು ನಕ್ವಿ."

ತಂಗಿ ಶಾಲೆಯ ನಂಬರು ಕೊಟ್ಟಳು. ಗಾಜಿನಕ್ಕ ಅದನ್ನೂ ಒತ್ತಿದಳು. "ಯಾವ ಮಗುವಿನ ಕಡೆಯೋರು? ವಿಷಯ ಏನು?" ಎಂದು ಅಲ್ಲಿಯ ಗುಮಾಸ್ತೆ ಕೇಳಿದಳು. ಹೇಳಬೇಕಾದದ್ದು ನಾಲ್ಕೇ ಮಾತು. ಆದರೆ ಆ ನಾಲ್ಕು ಮಾತಿಗೆ ಗಿಣಿಯ ಹದಿನಾಲ್ಕು ವರ್ಷದ ಕೆಲಸ ಹೋಗುತ್ತದೆ. ನನ್ನ ಊಹೆ ತಪ್ಪಾಗಿದ್ದರೆ? ಮೊದಲೊಮ್ಮೆ ಎಲ್ಲ ಗೊತ್ತು ಎಂದುಕೊಂಡು ತಪ್ಪಿದ್ದೇನಲ್ಲ? "ಆಮೇಲೆ ಮಾಡ್ತೀನಿ," ಎಂದು ಇಟ್ಟುಬಿಟ್ಟಳು. ಸೆರಗಿಗೆ ಕೈ ಒರೆಸಿಕೊಂಡು ಡಾಕ್ಟರ ಮುಂದೆ ಹೋಗಿ ನಿಂತಳು. "ನಾನು ಈಗ್ಲೇ ಹೋಗ್ಬೇಕು," ಎಂದಳು. ಅವಳ ಮುಖ ನೋಡಿ ಡಾಕ್ಟರು ಯಾಕೆಂದು ಕೇಳಲಿಲ್ಲ.

ಹನ್ನೆರಡರ ಬಸ್ಸು ತಪ್ಪಿತ್ತು. ಹನ್ನೆರಡೂ ನಲವತ್ತರ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಆಗಲೇ ಅಲ್ಲಿ ಪುಟ್ಟ ಮಕ್ಕಳ ಸರದಿ ಹೊರಟಿರುತ್ತದೆ. ನಾಲ್ಕು ವರ್ಷದವು, ಐದು ವರ್ಷದವು. ಆ ನಾಲ್ಕು ಮಾತು ಹೇಳಿದ್ದಿದ್ದರೆ ಹೊರಡುತ್ತಿರಲಿಲ್ಲ. ಬಸ್ಸಿಳಿದು ವಾಪಸು ಹೋಗಿ ಹೇಳಿಬಿಡಲೇ ಎನ್ನಿಸಿತು, ಫೋನು ಕೈಯಲ್ಲೇ ಇದೆಯೆಂಬುದೂ ಆ ಗಾಬರಿಯಲ್ಲಿ ಮರೆತಿತ್ತು. ನೆನಪಾಗಿ ಶಾಲೆಗೆ ಮಾಡಿದರೆ ಆ ಕಡೆ ಯಾರೂ ಎತ್ತಲಿಲ್ಲ. ಊಟದ ಹೊತ್ತು.

ಇನ್ನು ಉಳಿದದ್ದು ಒಂದೇ. ಒಂದು ಹತ್ತಕ್ಕೆ ಆಟ ಬಂದರೆ ಮಕ್ಕಳು ಮನೆ ಸೇರಿದವೆಂದು ಅರ್ಥ. ಅವಳು ಫೋನನ್ನು ಎರಡು ಕೈಯಲ್ಲಿ ಹಿಡಿದು ತೊಡೆಯ ಮೇಲಿಟ್ಟುಕೊಂಡಳು.

ಒಂದು ಹತ್ತಾಯಿತು. ಬರಲಿಲ್ಲ.

ಒಂದು ಹದಿನೈದಾಯಿತು. ಪಕ್ಕದಲ್ಲಿ ಕೂತ ಹೆಂಗಸು, "ಹುಷಾರಿಲ್ವಾ?" ಎಂದು ಕೇಳಿದಳು. ಇವಳಿಗೆ ಕೇಳಿಸಲಿಲ್ಲ. ದೇವರೇ, ನನ್ನ ಸಿಟ್ಟಿಗೆ ನನಗೆ ಏನು ಬೇಕಾದರೂ ಕೊಡು, ಆ ಮಕ್ಕಳಿಗೆ ಕೊಡಬೇಡ, ಎಂದು ಒಂದೇ ಮಾತನ್ನು ತಿರುಗಿಸಿ ಮುರುಗಿಸಿ ಹೇಳಿಕೊಳ್ಳುತ್ತಿದ್ದಳು. ಒಂದು ಇಪ್ಪತ್ತಾಯಿತು. ಎದುರಿನಿಂದ ಬಂದ ಲಾರಿಯೊಂದು ಉದ್ದಕ್ಕೆ ಹಾರ್ನ್ ಹೊಡೆದುಕೊಂಡು ಹಾದುಹೋಯಿತು, ಬಸ್ಸಿನಲ್ಲಿದ್ದವರೆಲ್ಲ ಒಂದು ಸಲ ತಲೆಯೆತ್ತಿದರು.

ಒಂದು ಇಪ್ಪತ್ತನಾಲ್ಕಕ್ಕೆ ಆಟ ಬಂತು.

ಅವಳ ಕಣ್ಣಲ್ಲಿ ನೀರು ತುಂಬಿತು. ತನ್ನ ಎಲೆಗಳನ್ನು ಮುಟ್ಟದೆಯೇ ಸೋತೆನೆಂದು ಒತ್ತಿ, ಗಿಣಿ ಆಡಿದ್ದನ್ನು ತೆರೆದಳು. ಗಿಣಿ ಬಹಳ ಹೊತ್ತು ತೆಗೆದುಕೊಂಡಿದ್ದಳು. ಬಲಗಡೆಯ ನಾಲ್ಕು ಸಾಲುಗಳಲ್ಲಿ ಎಲೆಗಳು ಹತ್ತಿ ಇಳಿದವು. ಎಡಗಡೆಯ ಎರಡಲ್ಲ, ಮೂರು ಸಾಲು ಕಡೆಯ ತನಕ ಮಿಸುಕಲಿಲ್ಲ. ಶಾಲೆಗೆ ಮತ್ತೆ ಮತ್ತೆ ಮಾಡಿದಳು, ದಾರಿಯುದ್ದಕ್ಕೂ ಯಾರೂ ಎತ್ತಲಿಲ್ಲ.

ಶಾಲೆಯ ಗೇಟಿನ ಮುಂದೆ ಅವಳು ನಿಂತಾಗ, ದೊಡ್ಡ ಮಕ್ಕಳ ಸರದಿ ಹೊರಡುವ ಮೂರು ಮುಕ್ಕಾಲಿಗೆ ಐದೇ ನಿಮಿಷ. ಬಸ್ಸು ನಿಲ್ದಾಣದಲ್ಲಿ ಸಿಕ್ಕ ಆಟೋ ದಾರಿಯಲ್ಲಿ ಕೆಟ್ಟು ನಿಂತು, ಕೊನೆಯ ಅರ್ಧ ಗಂಟೆ ನಡೆದೇ ಬಂದಿದ್ದಳು. ಬೀದಿಯ ತುಂಬ ಮಕ್ಕಳು, ಚೀಲ, ನೀರಿನ ಬಾಟಲಿ. ವ್ಯಾನುಗಳು ಸಾಲಾಗಿ ನಿಂತಿದ್ದವು. ಮೂರನೆಯದು ಗಿಣಿಯದು. ಎಡಬದಿಯ ತಗಡು ಮುಂದಿನಿಂದ ಹಿಂದಿನ ತನಕ ಗೀರಿತ್ತು. ಎಡಗನ್ನಡಿಯನ್ನು ತಂತಿಯಲ್ಲಿ ಬಿಗಿದಿದ್ದರು.

ಗಾಜಿನಕ್ಕ ಎಡಗಡೆಯ ಮುಂದಿನ ಕಿಟಕಿಯ ಹತ್ತಿರ ಬಂದು ನಿಂತಳು. ಗಿಣಿ ಚಾಲಕಿಯ ಜಾಗದಲ್ಲಿ ಕೂತು, ಎದುರಿಗೆ ನೋಡುತ್ತ, ಬಲಗೈಯಿಂದ ಕತ್ತು ಉಜ್ಜಿಕೊಳ್ಳುತ್ತಿದ್ದಳು. ತೆಳ್ಳಗಾಗಿದ್ದಳು. ನಡುವೆ ಎರಡು ಮೊಳದ ದೂರ, ಕಿಟಕಿಗೆ ಗಾಜೂ ಏರಿಸಿರಲಿಲ್ಲ.

ಗಾಜಿನಕ್ಕ ಕೈಯೆತ್ತಿ ಆಡಿಸಿದಳು.

ಗಿಣಿ ಅಲುಗಲಿಲ್ಲ. ಇನ್ನೂ ಎತ್ತರಕ್ಕೆ ಆಡಿಸಿದಳು. ಎರಡು ಕೈಯನ್ನೂ ಆಡಿಸಿದಳು. ಗಿಣಿ ಹಣೆಯ ಮೇಲಿನ ಕನ್ನಡಿಯಲ್ಲಿ ಹಿಂದೆ ಕೂತ ಮಕ್ಕಳನ್ನು ಎಣಿಸಿದಳು, ತುಟಿ ಅಲುಗಿದ್ದು ಕಾಣುತ್ತಿತ್ತು. "ಬಾಗಿಲು ಹಾಕ್ರೋ," ಎಂದಳು. ಯಾರೋ ಬಾಗಿಲು ಎಳೆದರು. ವ್ಯಾನು ಗುರ್ರೆಂದಿತು.

ಆಗ ಗಾಜಿನಕ್ಕನ ಕಣ್ಣು ಕೆಳಗೆ ಹೋಯಿತು. ಎಡಗಡೆಯ ಮುಂದಿನ ಗಾಲಿಯ ಮುಂದೆ, ಒಂದು ಹೆಣ್ಣುಮಗು ಗಾಲಿಯಷ್ಟೇ ಎತ್ತರಕ್ಕೆ ಬಗ್ಗಿ, ಉರುಳಿಹೋದ ಬಾಟಲಿಯ ಮುಚ್ಚಳ ಹುಡುಕುತ್ತಿತ್ತು.

ಅವಳು ಕೂಗಿದಳೋ ಇಲ್ಲವೋ ಅವಳಿಗೇ ನೆನಪಿಲ್ಲ. ಓಡಿ ಹೋಗಿ ವ್ಯಾನಿನ ಮೂತಿಗೆ ಎರಡು ಅಂಗೈಯಿಂದಲೂ ಬಡಿದಳು. ವ್ಯಾನು ಒಂದು ಗೇಣು ಮುಂದೆ ಬಂದು, ಕುಲುಕಿ, ನಿಂತಿತು. ಮಗು ಮುಚ್ಚಳ ಸಿಕ್ಕಿತೆಂದು ಎದ್ದು ನಿಂತು, "ಆಂಟಿ, ನಾನಿನ್ನೂ ಹತ್ತೇ ಇಲ್ಲ," ಎಂದಿತು.

ಗಿಣಿ ಬಲಗಡೆಯಿಂದ ಇಳಿದು ಬಂದಳು. "ಯಾರ್ರೀ ಅದು, ಸಾಯೋಕೆ ನನ್ನ ಗಾಡೀನೇ..." ಎನ್ನುತ್ತ ಬಂದವಳು ನಿಂತಳು. "ಲೇ ಆಮೆ! ನೀನಾ? ಎಲ್ಲಿಂದ ಉದುರಿದೆ? ಹುಚ್ಚು ಹಿಡಿದಿದ್ಯಾ ನಿಂಗೆ?"

"ಆ ಮಗು ಎಲ್ಲಿತ್ತು, ನೋಡಿದ್ಯಾ?"

"ಹತ್ತಿ ಕೂತಿದ್ಲು. ಎಣಿಸಿದೀನಿ."

"ಗಿಣಿ, ನಾನು ಕಿಟಕೀಲಿ ನಿಂತು ಎರಡೂ ಕೈ ಆಡಿಸ್ತಿದ್ದೆ. ನೀನು ನನ್ನ ನೋಡ್ಲಿಲ್ಲ."

"ಯಾವ ಕಿಟಕಿ? ಅಲ್ಲಿ ಯಾರೂ ಇರ್ಲಿಲ್ಲ ಕಣೇ." ಗಿಣಿಯ ದನಿ ಏರಿತು. ಆದರೆ ಕೈ ತಾನಾಗಿ ಕತ್ತಿನ ಹಿಂದಕ್ಕೆ ಹೋಯಿತು. "ದಾರಿ ಬಿಡು. ಮಕ್ಳಿಗೆ ತಡ ಆಗತ್ತೆ. ಮಧ್ಯಾಹ್ನಾನೂ ತಡ ಆಯ್ತು, ಎಂದಿನ ತಿರುವೇ ಸಿಗದೇ ಎರಡು ಸಲ ಸುತ್ತಿದೆ."

"ಎಡಗಡೆ ತಿರುವಾ?"

ಗಿಣಿ ವ್ಯಾನು ಹತ್ತಲು ತಿರುಗಿದಳು.

ವಾದ ಮಾಡಿ ಪ್ರಯೋಜನವಿಲ್ಲವೆಂದು ಗಾಜಿನಕ್ಕನಿಗೆ ತಿಳಿದಿತ್ತು. ಇಲ್ಲದ್ದನ್ನು ಇದೆ ಎಂದು ಒಪ್ಪಿಸುವುದು ಹೇಗೆ? ಅವಳು ತನ್ನ ಫೋನು ತೆಗೆದು ಅಂದಿನ ಆಟವನ್ನೇ ಮತ್ತೆ ಮೊದಲಿಂದ ಹಾಕಿದಳು. ಪರದೆ ತಿರುಗದಂತೆ ಬೀಗ ಒತ್ತಿದಳು. ಗಿಣಿಯ ಕೈಗೆ ಕೊಟ್ಟಳು.

"ಒಂದೇ ನಿಮಿಷ. ಆಮೇಲೆ ನೀನು ಹೇಳಿದ ಹಾಗೆ. ಮೇಲಿಡೋಕೆ ಬರೋ ಎಕ್ಕ ಎಷ್ಟಿದೆ ಹೇಳು."

"ಮಕ್ಳನ್ನ ಕೂರಿಸ್ಕೊಂಡು ಇಸ್ಪೀಟಾಡೋದಾ? ಚೆನ್ನಾಗಿದೆ." ಆದರೂ ನೋಡಿದಳು. ಆಟದ ಮಟ್ಟಿಗೆ ಅವಳು ಎಂದೂ ಬೇಡ ಎಂದವಳಲ್ಲ. "ಎಕ್ಕಾನೇ ಇಲ್ಲ. ಮಧ್ಯಾಹ್ನ ಆಡಿದೀನಿ ಇದನ್ನ, ದರಿದ್ರ ಎಲೆ."

ಗಾಜಿನಕ್ಕ ಗಿಣಿಯ ಕೈಯಲ್ಲಿದ್ದ ಫೋನನ್ನು ಹಾಗೆಯೇ ತಲೆಕೆಳಗು ಮಾಡಿದಳು. ಇಸ್ಪೀಟಿನ ಎಲೆಗೆ ತಲೆ ಕಾಲು ಎಂಬುದಿಲ್ಲ, ಹೇಗೆ ಹಿಡಿದರೂ ಅದೇ ಮುಖ. ಎಡಗಡೆಯ ಸಾಲುಗಳು ಬಲಕ್ಕೆ ಬಂದವು.

"ಈಗ?"

ಗಿಣಿ ನೋಡಿದಳು. ಬಹಳ ಹೊತ್ತು ನೋಡಿದಳು. ವ್ಯಾನಿನೊಳಗೆ ಮಕ್ಕಳು ಯಾವುದೋ ವಿಷಯಕ್ಕೆ ಕಿತ್ತಾಡುತ್ತಿದ್ದವು. ಹಿಂದಿನ ವ್ಯಾನಿನವರು ಎರಡು ಸಲ ಹಾರ್ನ್ ಹೊಡೆದರು.

"ಆಟಿನ್ ಎಕ್ಕ," ಎಂದಳು ಮೆಲ್ಲಗೆ. "ಡೈಮಂಡ್ ಎಕ್ಕ. ಇದೆಲ್ಲಿತ್ತೇ?"

ತಾನೇ ಫೋನನ್ನು ಮೊದಲಿನ ಹಾಗೆ ತಿರುಗಿಸಿದಳು. ಮತ್ತೆ ತಲೆಕೆಳಗು ಮಾಡಿದಳು. ಮತ್ತೆ ಮೊದಲಿನ ಹಾಗೆ. ಬಂದು ಹೋಗುತ್ತಿದ್ದ ಆ ಎರಡು ಎಲೆಗಳನ್ನು ನೋಡುತ್ತ ಅವಳ ಮುಖದ ಬಣ್ಣ ಇಳಿಯಿತು. ಅವಳು ತಲೆಯನ್ನು ಪೂರ್ತಿ ಎಡಕ್ಕೆ ಹೊರಳಿಸಿ, ವ್ಯಾನಿನ ಉದ್ದಕ್ಕೂ ಇದ್ದ ಗೀರನ್ನು ಮೊದಲ ಸಲ ಕಂಡವಳಂತೆ ಕಂಡಳು. ಅಲ್ಲಿಂದ ಕಣ್ಣು ಗಾಲಿಗೆ ಇಳಿಯಿತು. ಬಾಟಲಿ ಅಪ್ಪಿಕೊಂಡು ಇನ್ನೂ ಅಲ್ಲೇ ನಿಂತಿದ್ದ ಮಗುವಿನ ಮೇಲೆ ನಿಂತಿತು.

"ಎಷ್ಟು ದಿನದಿಂದ?" ಎಂದಳು.

"ಎರಡು ತಿಂಗಳಾದ್ರೂ ಆಗಿರ್ಬೇಕು. ನಂಗೆ ಗೊತ್ತಾಗ್ಬೇಕಿತ್ತು ಕಣೇ. ನಾನು ಬೇರೆ ಅಂದ್ಕೊಂಡೆ."

"ಬಾಗಿಲ ಕಡೆ ಕೂತಿದೀನಿ ಅಂದ್ಕೊಂಡೆ."

"ಹೂಂ."

ಗಿಣಿ ನಗಲು ನೋಡಿದಳು, ಆಗಲಿಲ್ಲ. ಬಲಗಡೆಯಿಂದ ಸುತ್ತಿ ಹೋಗಿ, ಕೈ ಒಳಗೆ ಹಾಕಿ ಬೀಗದ ಕೈ ಕಿತ್ತುಕೊಂಡು ಬಂದಳು. ಹದಿನಾಲ್ಕು ವರ್ಷದಿಂದ ಅವಳ ಬಳಿಯಿದ್ದ ಬೀಗದ ಕೈ. ಅದನ್ನು ಅಂಗೈಯಲ್ಲಿ ಒಂದು ಸಲ ಒತ್ತಿ, ಹಿಂದಿನ ವ್ಯಾನಿನಿಂದ ಇಳಿದು ಬೈಯಲು ಬರುತ್ತಿದ್ದ ಹಿರಿಯ ಚಾಲಕನ ಕೈಗೆ ಇಟ್ಟಳು.

"ಅಣ್ಣ, ನಿಮ್ಮ ಸರದಿ ಆದ್ಮೇಲೆ ನನ್ನ ಮಕ್ಳನ್ನೂ ಬಿಟ್ಟುಬಿಡಿ. ಹದಿನೆಂಟು ಇದಾವೆ. ಹದಿನೆಂಟು ಆಗೋ ತನಕ ಹೊರಡ್ಬೇಡಿ. ಇಳಿದು ಎಣಿಸಿ."

"ಯಾಕಮ್ಮ, ಏನಾಯ್ತು?"

"ನಂಗೆ ಕಾಣ್ತಿಲ್ಲ ಅಣ್ಣ," ಎಂದಳು ಗಿಣಿ. ಆ ಮಾತನ್ನು ಜೋರಾಗಿಯೇ ಹೇಳಿದಳು, ಗೇಟಿನ ಬಳಿ ನಿಂತಿದ್ದ ಗುಮಾಸ್ತೆಗೂ ಕೇಳುವ ಹಾಗೆ.

ದೊಡ್ಡಾಸ್ಪತ್ರೆ ಅಲ್ಲಿಂದ ಎರಡು ಬೀದಿ ಆಚೆ. ಗಾಡಿ ಹುಡುಕುತ್ತ ನಿಲ್ಲುವುದಕ್ಕಿಂತ ನಡೆಯುವುದೇ ಬೇಗ. ಇಬ್ಬರೂ ಹೊರಟರು. ಬೀದಿಯಲ್ಲಿ ಸೈಕಲ್ಲು, ತಳ್ಳುಗಾಡಿ, ಮೋಟಾರು ಬೈಕುಗಳು ಎರಡು ಕಡೆಯಿಂದಲೂ ನುಗ್ಗುತ್ತಿದ್ದವು. ಗಿಣಿ ಬಲಗಡೆಯ ಗೋಡೆಯ ಪಕ್ಕದಲ್ಲಿ ಕಾಲನ್ನು ತಡೆದು ತಡೆದು ಇಡುತ್ತಿದ್ದಳು. ಇದ್ದಕ್ಕಿದ್ದಂತೆ ಇಡೀ ಊರನ್ನು ಯಾರೋ ಅರ್ಧಕ್ಕೆ ಕತ್ತರಿಸಿಟ್ಟಿದ್ದಾರೆಂದು ತಿಳಿದವಳ ನಡಿಗೆ ಅದು. ಅಲ್ಲಿ ತಲೆಯ ಚಿತ್ರ ತೆಗೆಯುತ್ತಾರೆ, ಅದರಲ್ಲಿ ಏನು ಕಾಣುತ್ತದೋ. ಡಾಕ್ಟರು ಹೇಳಿದ ಎರಡು ಮಾತುಗಳಲ್ಲಿ ಯಾವುದನ್ನು ಬೇಡಿಕೊಳ್ಳಬೇಕು, ರಕ್ತವನ್ನೋ ಗಂಟನ್ನೋ, ಎಂದು ಗಾಜಿನಕ್ಕನಿಗೆ ಗೊತ್ತಾಗಲಿಲ್ಲ. ಆದ್ದರಿಂದ ಬರೀ ದೇವರೇ, ದೇವರೇ, ಎನ್ನುತ್ತ ನಡೆದಳು.

"ಲೇ ಆಮೆ," ಎಂದು ಗಿಣಿ ಥಟ್ಟನೆ ನಿಂತಳು. ಬಲಕ್ಕೆ ನೋಡಿದಳು, ಹಿಂದೆ ನೋಡಿದಳು. ದನಿಯಲ್ಲಿ ಗಾಬರಿಯಿತ್ತು. "ಎಲ್ಲಿದೀಯೇ? ಹೊರಟುಹೋದ್ಯಾ?"

"ಇಲ್ಲೇ ಇದೀನಿ," ಎಂದು ಗಾಜಿನಕ್ಕ ಅವಳ ಎಡಗೈಯನ್ನು ಹಿಡಿದುಕೊಂಡಳು.

"ಈ ಕಡೆ ಬಾರೇ. ನೀನು ಕಾಣ್ಬೇಕು ನಂಗೆ."

"ಬೇಡ," ಎಂದಳು ಗಾಜಿನಕ್ಕ, ಎದುರಿನಿಂದ ತಮ್ಮ ಎಡಮಗ್ಗುಲಿಗೇ ಒತ್ತಿಕೊಂಡು ಬರುತ್ತಿದ್ದ ಬೈಕೊಂದರ ಮೇಲೆ ಕಣ್ಣಿಟ್ಟು. "ನಾನು ಬಾಗಿಲ ಕಡೆಗೇ ಇರ್ತೀನಿ. ನೀನು ನಡಿ."